ಒಂದೇ ರಾತ್ರಿ ಸೋತ ಎರಡು ಬೆಂಗಳೂರು

ಶಟರ್ ಅರ್ಧ ಇಳಿಸಿದ್ದಾರೆ, ಬಗ್ಗಿ ಒಳಗೆ ಬನ್ನಿ. ಹಬ್ಬದ ರಜೆ, ಹೋಟೆಲು ತೆಗೆದಿರುವುದೇ ಸಂಜೆಯ ಮ್ಯಾಚಿಗಾಗಿ. 2024ರ ಏಪ್ರಿಲ್ 11, ಗುರುವಾರ, ರಂಜಾನ್. ಮೊನ್ನೆ ಯುಗಾದಿ ಆಯಿತು. ನಿನ್ನೆ ಸಂಜೆ ಪಡುವಣದಲ್ಲಿ ಕಂಡ ಎಳೆ ಚಂದ್ರನಿಗೆ ದಾವಣಗೆರೆಯ ಆವರಗೆರೆಯ ಈ ಓಣಿಯಲ್ಲಿ ಕೈಮುಗಿದು ಹಿರಿಯರ ಕಾಲಿಗೆ ಬಿದ್ದರು. ಮಗ್ಗುಲ ಓಣಿಯಲ್ಲಿ ಅದೇ ಚಂದ್ರನನ್ನು ನೋಡಿ ಹಬ್ಬ ಗೊತ್ತುಮಾಡಿದರು. ಬರದ ವರ್ಷ ಇದು. ಬತ್ತಿದ ಬೋರು, ಭದ್ರಾ ನಾಲೆಯ ನೀರಿನ ಸರದಿ, ಮೇ 7ರ ಓಟು, ಮೆಕ್ಕೆಜೋಳದ ರೇಟು, ಈ ನಾಲ್ಕೇ ಮಾತು ಸಂಜೆಯಿಂದ ಈ ಬೆಂಚುಗಳ ಮೇಲೆ ಸುತ್ತುತ್ತಿದ್ದವು. ಏಳೂಕಾಲಿಗೆ ನಾಲ್ಕೂ ನಿಂತವು.

ಗೋಡೆಗೆ ಹೊಡೆದ ಟಿ.ವಿ.ಯಲ್ಲಿ ಮುಂಬೈಯ ವಾಂಖೆಡೆ. ಟಾಸ್ ಗೆದ್ದ ಮುಂಬೈ ಇಂಡಿಯನ್ಸ್ ಫೀಲ್ಡಿಂಗ್ ಆರಿಸಿಕೊಂಡಿದೆ, ಆರ್‌ಸಿಬಿ ಬ್ಯಾಟಿಂಗ್. ಬೆಂಚುಗಳೆಲ್ಲ ಆ ಕಡೆಗೇ ತಿರುಗಿವೆ. ಮಾಲೀಕರು ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಗಳನ್ನು ಒಂದೊಂದಾಗಿ ಬಾಣಲೆಗೆ ಬಿಡುತ್ತಿದ್ದಾರೆ, ಕಣ್ಣು ಮಾತ್ರ ಟಿ.ವಿ. ಮೇಲೆ. ಪೇಪರಿನ ತುಂಡಿನ ಮೇಲೆ ಮಂಡಕ್ಕಿ, ಅದರ ಮೇಲೆ ಎರಡು ಮಿರ್ಚಿ, ಪಕ್ಕದಲ್ಲಿ ಹೆಚ್ಚಿದ ಈರುಳ್ಳಿ. ದಾವಣಗೆರೆಯಲ್ಲಿ ಕ್ರಿಕೆಟ್ ನೋಡುವ ಕ್ರಮವೇ ಇದು.

ಈಗ ಆ ಮೂಲೆಯ ಟೇಬಲ್ ನೋಡಿ. ಸ್ಟೀಲ್ ಜಗ್ಗಿಗೆ ಒಂದು ಮೊಬೈಲ್ ಒರಗಿಸಿ ಇಟ್ಟಿದೆ. ಅದರ ಮುಂದೆ, ತೊಳೆದು ತೊಳೆದು ಬಿಳಚಿಕೊಂಡ ನೀಲಿ ಜರ್ಸಿಯ ಹುಡುಗ. ಅವನ ಮೊಬೈಲಿನಲ್ಲೂ ಬೆಂಗಳೂರೇ ಆಡುತ್ತಿದೆ. ಆದರೆ ಬ್ಯಾಟಿಲ್ಲ, ವಿಕೆಟಿಲ್ಲ. ಅದು ಕಂಠೀರವ ಕ್ರೀಡಾಂಗಣ. ಐಪಿಎಲ್ಲಿಗೂ ಅದೇ ಆ್ಯಪ್, ಫುಟ್ಬಾಲ್ ಲೀಗ್ ಐಎಸ್ಎಲ್ಲಿಗೂ ಅದೇ ಆ್ಯಪ್, ಎರಡೂ ಪುಕ್ಕಟೆ. ಎರಡೂ ಮ್ಯಾಚು ಏಳೂವರೆಗೇ.

"ಏನಲೇ ಅದು, ಆರ್‌ಸಿಬಿ ಬಿಟ್ಟು?" ಟೀ ಇಡಲು ಬಂದ ಮಾಲೀಕರು ಕೇಳುತ್ತಾರೆ.

"ಬೆಂಗಳೂರು ಎಫ್‌ಸಿ ಅಣ್ಣ. ಮೋಹನ್ ಬಾಗಾನ್ ಮೇಲೆ. ಸೀಸನ್ನಿನ ಕೊನೇ ಮ್ಯಾಚು."

"ಗೆದ್ರೆ ಕಪ್ಪೇನು?"

"ಗೆದ್ರೂ ಏನೂ ಇಲ್ಲ."

"ಮತ್ಯಾಕಲೇ ನೋಡ್ತೀ?"

ಹುಡುಗ ಉತ್ತರ ಕೊಡುವುದಿಲ್ಲ. ಟೀಯ ಲೋಟವನ್ನು ಮೊಬೈಲಿನಿಂದ ಸ್ವಲ್ಪ ದೂರ ಸರಿಸುತ್ತಾನೆ, ಅಷ್ಟೆ.

ಅವನ ಅಜ್ಜ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ತಯಾರಿಸಿದವರು. ಮೊಮ್ಮಗ ಐಟಿಐ ಮುಗಿಸುವ ಹೊತ್ತಿಗೆ ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಹಾಗಾಗಿ ಪೀಣ್ಯಕ್ಕೆ ಹೋದ. ಬೆಂಗಳೂರಿನಲ್ಲಿ ಶಿಫ್ಟು ಮುಗಿದ ಮೇಲೆ ಯಾರೂ ಗೊತ್ತಿಲ್ಲದ ಹುಡುಗನಿಗೆ ಸಂಜೆ ಕಳೆಯುವ ಜಾಗ ಬೇಕಿತ್ತು. ರೂಮಿನ ಗೆಳೆಯ ಒಂದು ದಿನ ಕಂಠೀರವದ ಪಶ್ಚಿಮ ಗ್ಯಾಲರಿಗೆ ಕರೆದುಕೊಂಡು ಹೋದ. ಅಲ್ಲಿ ತೊಂಬತ್ತು ನಿಮಿಷ ಕೂರುವವರೇ ಇಲ್ಲ. ಡೋಲು, ಬಾವುಟ, ಕೂಗು. ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿಗಳ ಬಳಗ ಅದು. ಊರಿಗೆ ವಾಪಸಾಗಿ ಎಪಿಎಂಸಿಗೆ ಗೂಡ್ಸ್ ಆಟೋ ಓಡಿಸುತ್ತಿರುವ ಈಗಲೂ ಮ್ಯಾಚಿನ ದಿನ ಜರ್ಸಿ ಹಾಕುತ್ತಾನೆ.

ಏಳೂವರೆ. ಎರಡೂ ಶುರುವಾಗಿವೆ.

ಮೂರನೇ ಓವರಿನಲ್ಲೇ ಹೋಟೆಲು ಒಮ್ಮೆಲೇ ಸುಮ್ಮನಾಗುತ್ತದೆ. ಬುಮ್ರಾ ಎಸೆತಕ್ಕೆ ಕೊಹ್ಲಿ ಔಟ್, ಬರೀ 3 ರನ್. ಯಾರೋ ತಲೆಯ ಮೇಲೆ ಕೈಯಿಟ್ಟು ಕೂರುತ್ತಾರೆ. ಇನ್ಯಾರೋ, "ಡುಪ್ಲೆಸಿ ಅದಾನೆ ಬಿಡಪ್ಪ" ಅನ್ನುತ್ತಾರೆ. ಆ ಗದ್ದಲದಲ್ಲಿ ಮೂಲೆಯ ಮೊಬೈಲಿನಲ್ಲಿ ಚಿತ್ರ ನಿಂತಿರುವುದು ಯಾರಿಗೂ ಗೊತ್ತಾಗಿಲ್ಲ. ನೆಟ್‌ವರ್ಕ್ ಎಳೆದಾಡುತ್ತಿದೆ, ನಡುವೆ ಬಿಳಿಯ ಉಂಗುರ ತಿರುಗುತ್ತಿದೆ. ಅದು ಬಿಟ್ಟು ಚಿತ್ರ ಬಂದಾಗ ಮೋಹನ್ ಬಾಗಾನಿನ ಆಟಗಾರರು ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದಾರೆ. 17ನೇ ನಿಮಿಷ, ಹೆಕ್ಟರ್ ಯುಸ್ತೆ. ಗೋಲು ಹೇಗೆ ಬಿತ್ತೆಂದು ನೋಡುವ ಭಾಗ್ಯವೂ ಇಲ್ಲ. ಬಿದ್ದಿದೆ ಎಂಬುದಷ್ಟೇ ಗೊತ್ತಾಗುವುದು. ಹುಡುಗ ಒಂದು ಮಿರ್ಚಿ ಮುರಿದು ಹಾಗೇ ಪೇಪರಿನ ಮೇಲೆ ಇಡುತ್ತಾನೆ.

ಬೆಂಗಳೂರು ಎಫ್‌ಸಿ ಸೋತು ಅಭ್ಯಾಸವಿದ್ದ ತಂಡವಲ್ಲ. 2013ರಲ್ಲಿ ಹುಟ್ಟಿತು, ಆಡಿದ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು. 2015–16ರಲ್ಲಿ ಇನ್ನೊಮ್ಮೆ. ನಡುವೆ ಫೆಡರೇಶನ್ ಕಪ್. 2016ರ ನವೆಂಬರಿನಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ಲಿಗೆ ಹೋಗಿ ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ಬಿಗೆ ಒಂದೇ ಒಂದು ಗೋಲಿನಿಂದ ಸೋತಿತು. ಭಾರತದ ಯಾವ ತಂಡವೂ ಅಲ್ಲಿಯವರೆಗೆ ಆ ಫೈನಲ್ಲಿಗೆ ಕಾಲಿಟ್ಟಿರಲಿಲ್ಲ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ, ಹೆಚ್ಚುವರಿ ಸಮಯದ ಕೊನೆಯಲ್ಲಿ ರಾಹುಲ್ ಭೇಕೆ ಹೊಡೆದ ಹೆಡರ್ ಗೋವಾವನ್ನು ಮಣಿಸಿ ಐಎಸ್ಎಲ್ ಕಿರೀಟ ತಂದಿತ್ತು. ಹುಟ್ಟಿದ ಹತ್ತು ವರ್ಷದಲ್ಲಿ ಕಪಾಟು ತುಂಬಿಸಿಕೊಂಡ ಈ ತಂಡ ಇವತ್ತು ಕೆಳಗಿನಿಂದ ಎಣಿಸಿದರೆ ಬೇಗ ಸಿಗುವ ಜಾಗದಲ್ಲಿದೆ.

ಹಾಫ್ ಟೈಮ್. ಮೊಬೈಲಿನಲ್ಲಿ ಜಾಹೀರಾತು ಬರುತ್ತಿದೆ, ಹುಡುಗನ ಬಾಯಿ ಬಿಡಿಸಲು ಇದೇ ಹೊತ್ತು. ಪಕ್ಕ ಕೂತಿರುವವನು ಡಿಪ್ಲೊಮಾ ಓದುವ ಅವನ ಚಿಕ್ಕಪ್ಪನ ಮಗ. ಫುಟ್ಬಾಲಿನ ಗಂಧವಿಲ್ಲ, ಅಣ್ಣನ ಜೊತೆಗೆಂದು ಬಂದವನು.

"ಹೋದ ವರ್ಷ ಫೈನಲ್ ಆಡಿತ್ತಲ್ಲ ಅಣ್ಣ ನಿನ್ ಟೀಮು?"

"ಒಂದಲ್ಲಲೇ, ಮೂರು ಫೈನಲ್."

ಅವನು ಹೇಳುವುದು ನಿಜ. 2022ರ ಸೆಪ್ಟೆಂಬರಿನಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿ ಡ್ಯೂರಾಂಡ್ ಕಪ್ ಗೆದ್ದಿತ್ತು. 2023ರ ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಐಎಸ್ಎಲ್ ಫೈನಲ್: ಎಟಿಕೆ ಮೋಹನ್ ಬಾಗಾನ್ ಎದುರು 2–2, ಪೆನಾಲ್ಟಿಯಲ್ಲಿ ಸೋಲು. ಏಪ್ರಿಲಿನಲ್ಲಿ ಸೂಪರ್ ಕಪ್ ಫೈನಲ್, ಒಡಿಶಾಕ್ಕೆ ಸೋಲು. ಆ ಮಾರ್ಚ್ ತಿಂಗಳೇ ಹಾಗಿತ್ತು. 3ನೇ ತಾರೀಕು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಗೋಡೆ ಕಟ್ಟುವುದರೊಳಗೇ ಬೆಂಗಳೂರಿನ ಸುನಿಲ್ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಮಾಡಿದ, ಕೇರಳದವರು ಮೈದಾನ ಬಿಟ್ಟೇ ಹೊರಟುಹೋದರು. ಮರುದಿನ ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಎತ್ತಿತು. ಕನ್ನಡದ ಪತ್ರಿಕೆಗಳು ಫುಟ್ಬಾಲನ್ನು ಮುಖಪುಟಕ್ಕೆ ತಂದ ಅಪರೂಪದ ವಾರ ಅದು.

"ಮತ್ತೆ ಒಂದೇ ವರ್ಷದಾಗೆ ಹಿಂಗ್ಯಾಕಾತು?"

"ಹಿಂದ್ಗಡೆ ಯಾರೂ ಉಳೀಲಿಲ್ಲ."

ಹುಡುಗ ಮಿರ್ಚಿಯ ಪೇಪರನ್ನು ತಿರುವಿ ಹಾಕಿ, ಮಂಡಕ್ಕಿ ಕಾಳುಗಳನ್ನು ಸಾಲಾಗಿ ಜೋಡಿಸುತ್ತಾನೆ. ಇದು ಗೋಲು. ಇದರ ಮುಂದೆ ಸಂದೇಶ್ ಝಿಂಗನ್. ಬೆರಳಿನಿಂದ ಒಂದು ಕಾಳನ್ನು ಆಚೆ ತಳ್ಳುತ್ತಾನೆ: ಗೋವಾಕ್ಕೆ ಹೋದ. ಬಲಗಡೆ ಪ್ರಬೀರ್ ದಾಸ್: ಕೇರಳಕ್ಕೆ ಹೋದ. ರೆಕ್ಕೆಯಲ್ಲಿ ಓಡುತ್ತಿದ್ದ ಉದಾಂತ ಸಿಂಗ್: ಅವನೂ ಗೋವಾಕ್ಕೆ. ಮುಂದೆ ಗೋಲು ಹೊಡೆಯುತ್ತಿದ್ದ ಫಿಜಿಯ ರಾಯ್ ಕೃಷ್ಣ: ಒಡಿಶಾಕ್ಕೆ. ನಾಲ್ಕು ಕಾಳು ಹೋದ ಮೇಲೆ ಪೇಪರಿನ ಮೇಲೆ ಉಳಿದ ಸಾಲು ನೋಡಿ ತಮ್ಮನಿಗೂ ನಗು ಬರುತ್ತದೆ.

ಎಲ್ಲ ಆದದ್ದು 2023ರ ಬೇಸಿಗೆ, ಮಳೆಗಾಲದಲ್ಲಿ. ಒಂದು ಚೆಂಡೂ ಉರುಳುವ ಮೊದಲು. ಅವರ ಜಾಗಕ್ಕೆ ಹೊಸಬರು ಬಂದರು. ಡಚ್ ಆಟಗಾರ ಕೆಜಿಯಾ ವೀಂಡೋರ್ಪ್, ಮೋಹನ್ ಬಾಗಾನಿನಲ್ಲಿದ್ದ ಸ್ಲಾವ್ಕೊ ದಮ್ಯಾನೊವಿಚ್, ಕೇರಳದಿಂದ ಜೆಸೆಲ್ ಕಾರ್ನೇರೊ, ಇಂಗ್ಲೆಂಡಿನ ಕರ್ಟಿಸ್ ಮೇನ್. ಕೆಟ್ಟ ಆಟಗಾರರೆಂದು ಯಾರೂ ಹೇಳಲಾರರು. ಆದರೆ ರಕ್ಷಣೆಯ ಸಾಲಿನಲ್ಲಿ ಒಬ್ಬ ಮುಂದೆ ಹೋದರೆ ಇನ್ನೊಬ್ಬ ಹಿಂದೆ ಉಳಿಯಬೇಕು ಎಂಬುದು ಹೇಳಿಕೊಟ್ಟು ಬರುವುದಲ್ಲ, ಜೊತೆಗೆ ಆಡಿ ಆಡಿ ಬರುವುದು. ಆ ಕಾಲಾವಕಾಶ ಅವರಿಗೆ ಸಿಗಲಿಲ್ಲ. ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ ಮೊದಲ ಪಂದ್ಯ. ಅದೇ ದಿನ ನಾಯಕ ಛೆಟ್ರಿ ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್ ಆಡುತ್ತಿದ್ದಾನೆ. ಕೊಚ್ಚಿಯಲ್ಲಿ ಮೊದಲ ಗೋಲು ಬಂದದ್ದು ವೀಂಡೋರ್ಪ್ ಕಾಲಿನಿಂದ, ತನ್ನದೇ ಬಲೆಗೆ. ಎರಡನೆಯದು ಆಡ್ರಿಯನ್ ಲೂನಾ ಹೊಡೆದದ್ದು. ಕೊನೆಗಳಿಗೆಯಲ್ಲಿ ಮೇನ್ ಒಂದು ಗೋಲು ಹೊಡೆದರೂ 1–2. ಆ ರಾತ್ರಿ ಹೊಸ ತಂಡದ ಚಹರೆ ಕಂಡುಬಿಟ್ಟಿತ್ತು, ಕಂಡವರು ಒಪ್ಪಿಕೊಳ್ಳಲಿಲ್ಲ ಅಷ್ಟೆ.

ಎರಡನೇ ಅರ್ಧ ಶುರುವಾಗುವುದಕ್ಕೆ ಇನ್ನೂ ಕೆಲ ನಿಮಿಷ ಇದೆ. ಅಷ್ಟರಲ್ಲಿ ಹುಡುಗನ ಜೊತೆ ಡಿಸೆಂಬರಿಗೆ ಹೋಗಿ ಬರೋಣ.

2023ರ ಡಿಸೆಂಬರ್ 8, ಶುಕ್ರವಾರ. ಬೆಂಗಳೂರಿನ ಚಳಿ. ಮೆಜೆಸ್ಟಿಕ್‌ನಲ್ಲಿ ದಾವಣಗೆರೆ ಬಸ್ಸಿನಿಂದ ಇಳಿದು, ಮೆಟ್ರೊ ಹತ್ತಿ, ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಮರಗಳ ನಡುವೆ ನಡೆದೇ ಕ್ರೀಡಾಂಗಣ ಸೇರಬಹುದು. ಒಂದು ಕಾಲದ ಸಂಪಂಗಿ ಕೆರೆಯ ಅಂಗಳ ಇದು. ಗ್ಯಾಲರಿ ಹತ್ತಿದರೆ ಮೊದಲು ಕಣ್ಣಿಗೆ ಬೀಳುವುದು ಹುಲ್ಲಲ್ಲ, ಅಥ್ಲೆಟಿಕ್ಸ್ ಟ್ರ್ಯಾಕ್. ಕಂಠೀರವ ಓಟಗಾರರಿಗಾಗಿ ಕಟ್ಟಿದ ಕ್ರೀಡಾಂಗಣ. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಜಾಗ. ಫುಟ್ಬಾಲ್ ಇಲ್ಲಿ ಬಾಡಿಗೆ ಮನೆಯಲ್ಲಿದೆ. ಟ್ರ್ಯಾಕಿನ ಅಗಲ ದಾಟಿ ಕೂಗು ಆಟಗಾರನ ಕಿವಿಗೆ ಮುಟ್ಟಬೇಕೆಂದರೆ ಗಂಟಲು ಹರಿಯಬೇಕು, ಪಶ್ಚಿಮ ಗ್ಯಾಲರಿಯವರು ಹರಿದುಕೊಳ್ಳುತ್ತಾರೆ.

ಎದುರಾಳಿ ಮುಂಬೈ ಸಿಟಿ. ಮೊದಲ ಗೋಲು ಬಿದ್ದಾಗ ಡೋಲು ನಿಲ್ಲುವುದಿಲ್ಲ. ಎರಡನೆಯದಕ್ಕೆ ಒಂದು ಕ್ಷಣ ತಡೆದು ಮತ್ತೆ ಶುರುವಾಗುತ್ತದೆ. ಮೂರನೆಯದಕ್ಕೆ ಪೂರ್ವದ ಗ್ಯಾಲರಿಯಲ್ಲಿ ಮಕ್ಕಳನ್ನು ಕರೆತಂದ ಮನೆಯವರು ಏಳತೊಡಗುತ್ತಾರೆ, ನಾಳೆ ಶಾಲೆ ಎಂಬ ನೆವ. ನಾಲ್ಕನೆಯದು ಬಿದ್ದಾಗ ಡೋಲು ಬಡಿಯುತ್ತಿದ್ದವನು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಲ್ಲುತ್ತಾನೆ. 0–4. ಸ್ವಂತ ಅಂಗಳದಲ್ಲಿ. ಆ ಹೊತ್ತಿಗೆ ಲೀಗಿನಲ್ಲಿ ಬೆಂಗಳೂರು ಗೆದ್ದದ್ದು ಒಂದೇ ಪಂದ್ಯ: ಅಕ್ಟೋಬರ್ 4ರಂದು ಈಸ್ಟ್ ಬೆಂಗಾಲ್ ಮೇಲೆ 2–1, ಸ್ಪೇನಿನ ಹಾವಿ ಹೆರ್ನಾಂಡೆಸ್ ಬೆನ್ನು ನೆಲಕ್ಕೆ ಹಾಕಿ ಗಾಳಿಯಲ್ಲಿ ಒದ್ದ ಗೋಲಿನಿಂದ.

ರಾತ್ರಿ ಮೆಜೆಸ್ಟಿಕ್‌ನಲ್ಲಿ ವಾಪಸ್ ಬಸ್ಸು. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ. ಹೊರಗೆ ಕತ್ತಲು, ಒಳಗೆ ಕಿಟಕಿಯ ಗಾಜು ಅದುರುವ ಸದ್ದು. ಬೆಳಗ್ಗೆ ಹುಡುಗ ಆಟೋ ತೆಗೆಯುವ ಹೊತ್ತಿಗೆ ಮೊಬೈಲಿಗೆ ಸುದ್ದಿ ಬಂದಿತ್ತು. ಕೋಚ್ ಸೈಮನ್ ಗ್ರೇಸನ್ ಅವರನ್ನು ಕ್ಲಬ್ಬು ಕಳಿಸಿಬಿಟ್ಟಿದೆ. ಲೀಡ್ಸ್, ಸಂಡರ್‌ಲ್ಯಾಂಡ್ ತಂಡಗಳನ್ನು ನೋಡಿಕೊಂಡು ಬಂದ ಇಂಗ್ಲೆಂಡಿನ ಗ್ರೇಸನ್, ಹಿಂದಿನ ವರ್ಷ ಮೂರು ಫೈನಲ್ ಆಡಿಸಿದವರು. ಬೀಳುತ್ತಿರುವ ತಂಡದಲ್ಲಿ ಮೊದಲು ಖಾಲಿಯಾಗುವ ಕುರ್ಚಿ ಕೋಚಿನದು. ಚೆನ್ನೈಯಲ್ಲಿ ಒಂದು ಪಂದ್ಯಕ್ಕೆ ರೆನೆಡಿ ಸಿಂಗ್ ನಿಂತರು, ಅದೂ ಸೋಲು. ಆಮೇಲೆ ಬಂದವರು ಸ್ಪೇನಿನ ಜೆರಾರ್ಡ್ ಸರಗೋಸಾ. 2018–19ರಲ್ಲಿ ತಂಡ ಚಾಂಪಿಯನ್ ಆದಾಗ ಸಹಾಯಕ ಕೋಚ್ ಆಗಿದ್ದವರು. ಬಂದ ಎರಡೇ ದಿನಕ್ಕೆ ಜಮ್‌ಶೆಡ್‌ಪುರವನ್ನು 1–0ಯಿಂದ ಸೋಲಿಸಿದರು. ಎಲ್ಲರೂ ನಿಟ್ಟುಸಿರು ಬಿಟ್ಟರು. ಒಂದು ಗೆಲುವಿಗೆ ಬಿಟ್ಟ ನಿಟ್ಟುಸಿರು ಅದು, ಬಹಳ ದಿನ ಬಾಳಲಿಲ್ಲ.

ಮತ್ತೆ ಆವರಗೆರೆ. ಎಂಟೂವರೆ ದಾಟಿದೆ. ಟಿ.ವಿ.ಯಲ್ಲಿ ರಜತ್ ಪಾಟೀದಾರ್ ಅರ್ಧಶತಕ ಮುಟ್ಟಿದ್ದಾನೆ, ಹೋಟೆಲು ಶಿಳ್ಳೆ ಹಾಕುತ್ತಿದೆ. ಶಿಳ್ಳೆ ಮುಗಿಯುವುದರೊಳಗೇ ಅವನೂ ಔಟ್. ಹಿಂದೆಯೇ ಬಂದ ಮ್ಯಾಕ್ಸ್‌ವೆಲ್ ಸೊನ್ನೆಗೆ ವಾಪಸ್. "ಇವನನ್ನ ಯಾಕೆ ಆಡಿಸ್ತಾರೋ" ಎಂದು ಮಾಲೀಕರು ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಬಡಿಯುತ್ತಾರೆ.

ಮೊಬೈಲಿನ ಕಡೆ ನೋಡಿ. 51ನೇ ನಿಮಿಷ, ಮನ್‌ವೀರ್ ಸಿಂಗ್: 0–2. ಹುಡುಗ ಮುಂದಕ್ಕೆ ಬಗ್ಗುತ್ತಾನೆ. 54ನೇ ನಿಮಿಷ, ಅನಿರುದ್ಧ ಥಾಪಾ: 0–3. ಬಗ್ಗಿದವನು ಹಿಂದಕ್ಕೆ ಒರಗುತ್ತಾನೆ. 59, ಅರ್ಮಾಂಡೊ ಸಾದಿಕು: 0–4. ಎಂಟು ನಿಮಿಷದಲ್ಲಿ ಮೂರು. ಮಾಲೀಕರು ಮೂರು ಮಿರ್ಚಿ ತಿರುವಿ ಹಾಕುವ ಹೊತ್ತು. ತಮ್ಮ ಅಣ್ಣನ ಮುಖ ನೋಡುತ್ತಾನೆ, ಏನು ಹೇಳಬೇಕೋ ತಿಳಿಯದೆ ನೀರಿನ ಲೋಟ ಮುಂದಕ್ಕೆ ತಳ್ಳುತ್ತಾನೆ. ಕಂಠೀರವದಲ್ಲಿ ಮತ್ತೆ 0–4, ಡಿಸೆಂಬರಿನ ಅದೇ ಅಂಕಿ. ಕೋಚ್ ಬದಲಾದರು, ಸ್ಕೋರು ಬದಲಾಗಲಿಲ್ಲ.

ಈ ಪಂದ್ಯ ಮೋಹನ್ ಬಾಗಾನಿಗೆ ಜೀವದ ಪ್ರಶ್ನೆ. ಗೆದ್ದರೆ ನಾಲ್ಕು ದಿನ ಬಿಟ್ಟು ಕೋಲ್ಕತ್ತದಲ್ಲಿ ಮುಂಬೈ ಸಿಟಿ ಎದುರು ಲೀಗ್ ಶೀಲ್ಡಿಗಾಗಿ ಆಡಬಹುದು. ಬೆಂಗಳೂರಿಗೆ ಇದು ಬರೀ ಲೆಕ್ಕ ತೀರಿಸುವ ಪಂದ್ಯ. ಹನ್ನೆರಡು ತಂಡಗಳಲ್ಲಿ ಮೊದಲ ಆರು ಪ್ಲೇ-ಆಫ್‌ಗೆ ಹೋಗುತ್ತವೆ. ಏಪ್ರಿಲ್ 7ರಂದು ಕೋಲ್ಕತ್ತದಲ್ಲಿ ಈಸ್ಟ್ ಬೆಂಗಾಲಿಗೆ 1–2ರಿಂದ ಸೋತಾಗಲೇ ಆ ಬಾಗಿಲು ಮುಚ್ಚಿತ್ತು. ಗೆಲ್ಲಲೇಬೇಕಾದವರ ಎದುರು ಗೆದ್ದರೂ ಏನೂ ಸಿಗದವರು ಆಡಿದರೆ ಏನಾಗುತ್ತದೆಂಬುದು ಆ ಎಂಟು ನಿಮಿಷದಲ್ಲಿ ಕಂಡಿತು.

ಹುಡುಗ ಮ್ಯಾಚನ್ನು ಸಣ್ಣದು ಮಾಡಿ ಗ್ಯಾಲರಿ ತೆಗೆಯುತ್ತಾನೆ. "ಇಲ್ ನೋಡು" ಎಂದು ತಮ್ಮನಿಗೆ ಒಂದು ವಿಡಿಯೊ ಹಚ್ಚುತ್ತಾನೆ. ನೀವೂ ಬಗ್ಗಿ ನೋಡಿ.

ಮಾರ್ಚ್ 2, ಶನಿವಾರ. ಅದೇ ಕಂಠೀರವ. ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಿದ್ದ ದಿನಗಳು, ರಸ್ತೆ ತುಂಬ ಟ್ಯಾಂಕರು. ಒಳಗೆ ಒಂದು ಬದಿ ನೀಲಿ, ಇನ್ನೊಂದು ಬದಿ ಕೇರಳದ ಹಳದಿ. ಬೆಂಗಳೂರಿನಲ್ಲಿ ನೆಲೆಸಿದ ಮಲಯಾಳಿಗಳು ಸಾವಿರಗಟ್ಟಲೆ ಬಂದಿದ್ದಾರೆ. ಒಂದು ವರ್ಷದ ಹಿಂದಿನ ಫ್ರೀಕಿಕ್ಕಿನ ಸೇಡು ಅವರ ಎದೆಯಲ್ಲಿದೆ. ವಿಡಿಯೊ ಅಲುಗುತ್ತಿದೆ, ಹಿಡಿದವನ ಕೈ ನಿಂತಿಲ್ಲ. 89ನೇ ನಿಮಿಷ. ಇನ್ನೂ 0–0. ಹಾವಿ ಹೆರ್ನಾಂಡೆಸ್ ಕಾಲಿಗೆ ಚೆಂಡು. ಆಮೇಲೆ ಚೆಂಡು ಕಾಣುವುದಿಲ್ಲ. ಮುಂದಿನವನ ಬೆನ್ನು ಕಾಣುತ್ತದೆ, ಆಕಾಶ ಕಾಣುತ್ತದೆ, ಫ್ಲಡ್‌ಲೈಟು ಕಾಣುತ್ತದೆ, ಯಾರದೋ ಚಪ್ಪಲಿ ಕಾಣುತ್ತದೆ. ಸದ್ದು ಮಾತ್ರ ಒಂದೇ ಸಮನೆ. ಮೊಬೈಲಿನ ಪುಟ್ಟ ಸ್ಪೀಕರು ಒಡೆದು ಗೊರಗೊರ ಅನ್ನುತ್ತದೆ. ಹೋಟೆಲಿನ ನಾಲ್ಕಾರು ತಲೆಗಳು ಮೊದಲ ಬಾರಿ ಈ ಮೂಲೆಗೆ ತಿರುಗುತ್ತವೆ.

"ಯಾವುದಲೇ ಇದು, ಕಪ್ ಗೆದ್ದಿದ್ದಾ?"

"ಇಲ್ಲಣ್ಣ, ಕೇರಳ ಸೋಲ್ಸಿದ್ದು."

ಕೇಳಿದವರು ತಲೆಯಾಡಿಸಿ ಟಿ.ವಿ.ಗೆ ಮರಳುತ್ತಾರೆ. ಕೇರಳವನ್ನು ಸೋಲಿಸಿದರೆ ಹೀಗೆ ಕುಣಿಯುವುದೇಕೆಂದು ಅವರಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಈ ಊರಿನ ಆಟಗಳೇ ಬೇರೆ. ದುಗ್ಗಮ್ಮನ ಜಾತ್ರೆಯ ಕುಸ್ತಿ, ಹೈಸ್ಕೂಲ್ ಮೈದಾನದ ಕ್ರಿಕೆಟ್, ಹಳ್ಳಿಗಳ ಕಬಡ್ಡಿ. ಆದರೆ ಸೀಸನ್ನಿನ ಉದ್ದಕ್ಕೂ ಐದೇ ಬಾರಿ ನಗಲು ಸಿಕ್ಕ ಅಭಿಮಾನಿಗೆ ಆ ವಿಡಿಯೊ ಆಸ್ತಿ.

ಒಂಬತ್ತೂ ಕಾಲು ದಾಟಿದೆ. ಮೊಬೈಲಿನಲ್ಲಿ ರೆಫರಿ ಸೀಟಿ ಊದುತ್ತಾನೆ. ಕೊನೆಯ ಪಟ್ಟಿ ಬರುತ್ತದೆ: 22 ಪಂದ್ಯ, 5 ಗೆಲುವು, 7 ಡ್ರಾ, 10 ಸೋಲು, 22 ಅಂಕ. ಎಲ್ಲ ತಂಡಗಳ ಪಂದ್ಯ ಮುಗಿದಾಗ ಬೆಂಗಳೂರು ಹತ್ತನೇ ಸ್ಥಾನದಲ್ಲಿ ನಿಂತಿತು. ಕೆಳಗೆ ಜಮ್‌ಶೆಡ್‌ಪುರ, ಹೈದರಾಬಾದ್ ಮಾತ್ರ. ಮೇಲಿನ ಸಾಲು ನೋಡಿದರೆ ಹುಡುಗನ ಮಂಡಕ್ಕಿ ಲೆಕ್ಕ ಅರ್ಥವಾಗುತ್ತದೆ. ಮೂರನೆಯದು ಝಿಂಗನ್, ಉದಾಂತ ಹೋದ ಗೋವಾ. ನಾಲ್ಕನೆಯದು ರಾಯ್ ಕೃಷ್ಣ ಹೋದ ಒಡಿಶಾ. ಐದನೆಯದು ಪ್ರಬೀರ್ ಹೋದ ಕೇರಳ. ಇಲ್ಲಿಂದ ಆಟಗಾರರನ್ನು ಕರೆದುಕೊಂಡ ಮೂರೂ ತಂಡಗಳು ಪ್ಲೇ-ಆಫ್ ಆಡಿದವು, ಕಳಿಸಿಕೊಟ್ಟ ತಂಡ ಮನೆಯಲ್ಲಿ ಕೂತಿತು.

ಇತ್ತ ಟಿ.ವಿ.ಯಲ್ಲಿ ದಿನೇಶ್ ಕಾರ್ತಿಕ್ ಕೊನೆಯ ಓವರುಗಳಲ್ಲಿ ಬಾರಿಸಿ 23 ಎಸೆತಕ್ಕೆ 53 ಮಾಡಿದ್ದಾನೆ. ಬುಮ್ರಾ 21 ರನ್ನಿಗೆ ಐದು ವಿಕೆಟ್ ಕಿತ್ತರೂ ಆರ್‌ಸಿಬಿ 196. ಹೋಟೆಲಿಗೆ ಜೀವ ಬಂದಿದೆ, ಇನ್ನೊಂದು ಸುತ್ತು ಟೀಗೆ ಆರ್ಡರು. ಹುಡುಗನೂ ಮೊಬೈಲ್ ಜೇಬಿಗೆ ಹಾಕಿ ಈ ಕಡೆ ತಿರುಗಿ ಕೂರುತ್ತಾನೆ. ಒಂದು ಬೆಂಗಳೂರಾದರೂ ಗೆಲ್ಲಲಿ.

ಆಮೇಲಿನದನ್ನು ಬೇಗ ಹೇಳಿ ಮುಗಿಸಬಹುದು, ಮುಂಬೈಯೂ ಬೇಗ ಮುಗಿಸಿತು. ಇಶಾನ್ ಕಿಶನ್ 34 ಎಸೆತಕ್ಕೆ 69, ಸೂರ್ಯಕುಮಾರ್ 19 ಎಸೆತಕ್ಕೆ 52. ಹದಿನಾರನೇ ಓವರಿನ ಮೂರನೇ ಎಸೆತಕ್ಕೆ ಆಟ ಮುಗಿದಿದೆ, ಇನ್ನೂ 27 ಎಸೆತ ಉಳಿದಿವೆ. ಯಾರೋ ನೆನಪಿಸುತ್ತಾರೆ: ನಮ್ಮ 'ದಾವಣಗೆರೆ ಎಕ್ಸ್‌ಪ್ರೆಸ್' ವಿನಯ್ ಕುಮಾರ್ ಆಟ ಬಿಟ್ಟ ಮೇಲೆ ಸೇರಿದ್ದು ಮುಂಬೈ ಇಂಡಿಯನ್ಸ್ ಪರ ಪ್ರತಿಭೆ ಹುಡುಕುವ ಕೆಲಸಕ್ಕೆ. "ಅಂಗಾದ್ರೆ ಗೆದ್ದಿದ್ದು ನಮ್ಮೋರೇ ಬಿಡ್ರಪ್ಪ" ಎಂದು ಒಬ್ಬರು ಅಂದದ್ದಕ್ಕೆ ಬೇಸರದಲ್ಲೂ ಎಲ್ಲರೂ ನಗುತ್ತಾರೆ.

ಮಾಲೀಕರು ಬಾಣಲೆ ಇಳಿಸುತ್ತಾ ತೀರ್ಪು ಕೊಡುತ್ತಾರೆ: "ಎರಡ್ರಾಗೂ ಒಂದೇ ಕಾಯ್ಲೆ. ಬೌಲಿಂಗ್ ಇಲ್ಲ."

"ನಂದ್ರಾಗೆ ಬೌಲಿಂಗ್ ಎಲ್ಲೈತಣ್ಣ?"

"ಅದೇಲೇ. ರನ್ ಎಷ್ಟು ಹೊಡೆದ್ರೇನು, ತಡೆಯೋರು ಬೇಕಲ್ಲ."

ಫುಟ್ಬಾಲ್ ಒಂದು ನಿಮಿಷವೂ ನೋಡದ ಮನುಷ್ಯ ಸೀಸನ್ನಿನ ಸಾರಾಂಶ ಹೇಳಿಬಿಟ್ಟಿದ್ದರು.

ಆ ರಾತ್ರಿಯ ನಂತರ ನಡೆದದ್ದನ್ನು ಹೇಳದಿದ್ದರೆ ಮಾತು ಪೂರ್ತಿಯಾಗದು. ಮೇ 16ರಂದು ಛೆಟ್ರಿ ದೇಶದ ತಂಡದಿಂದ ನಿವೃತ್ತಿ ಘೋಷಿಸಿದ. ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ 0–0 ಡ್ರಾ ಆಡಿ, 94 ಅಂತರರಾಷ್ಟ್ರೀಯ ಗೋಲುಗಳೊಂದಿಗೆ ವಿದಾಯ ಹೇಳಿದ. ಕ್ಲಬ್ಬನ್ನು ಬಿಡಲಿಲ್ಲ. ಕ್ಲಬ್ ಸರಗೋಸಾರನ್ನೂ ಬಿಡಲಿಲ್ಲ. ಬದಲಿಗೆ ಆ ಬೇಸಿಗೆಯಲ್ಲಿ ತಂಡದ ಬೆನ್ನುಮೂಳೆಯನ್ನೇ ಹೊಸದಾಗಿ ಜೋಡಿಸಿತು. ಮುಂಬೈ ಸಿಟಿಯಿಂದ ರಾಹುಲ್ ಭೇಕೆ ವಾಪಸ್ ಬಂದ. ಅಲ್ಲಿಂದಲೇ ಹೋರ್ಹೆ ಪೆರೇರಾ ಡಿಯಾಸ್, ಆಲ್ಬರ್ಟೊ ನೊಗೆರಾ ಬಂದರು. ಸ್ಪೇನಿನವರಾದ ಪೆಡ್ರೊ ಕಾಪೊ, ಎಡ್ಗರ್ ಮೆಂಡೆಸ್ ಕೂಡ. ಕೇರಳದ ವಿರುದ್ಧ ಗೋಲು ಹೊಡೆದ ಹಾವಿ ಹೆರ್ನಾಂಡೆಸ್ ಜಮ್‌ಶೆಡ್‌ಪುರಕ್ಕೆ ಹೋದ. ಆದರೆ ಈ ಸಲ ಹೋದವನ ತೂಕಕ್ಕೆ ಸರಿಯಾದವರು ಒಳಗಿದ್ದರು.

ಸೆಪ್ಟೆಂಬರ್ 14ರಂದು ಹೊಸ ಸೀಸನ್ನಿನ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲನ್ನು 1–0ಯಿಂದ ಸೋಲಿಸಿದ ಗೋಲು ಬೆಂಗಳೂರಿನದೇ ಹುಡುಗ, 19 ವರ್ಷದ ವಿನೀತ್ ವೆಂಕಟೇಶನದು. ಡಿಸೆಂಬರಿನಲ್ಲಿ ನಲವತ್ತರ ಛೆಟ್ರಿ ಕೇರಳದ ಮೇಲೆ ಹ್ಯಾಟ್ರಿಕ್ ಹೊಡೆದ. ಲೀಗಿನಲ್ಲಿ ಮೂರನೇ ಸ್ಥಾನ. 2025ರ ಮಾರ್ಚ್ 29ರಂದು ಅದೇ ಕಂಠೀರವದಲ್ಲಿ, ಒಂದು ಕಾಲದಲ್ಲಿ ನಾಲ್ಕು ಗೋಲು ಹೊಡೆದು ಹೋಗಿದ್ದ ಅದೇ ಮುಂಬೈ ಸಿಟಿಗೆ ಐದು ಗೋಲು. ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಫೈನಲ್, ಎದುರಾಳಿ ಮತ್ತೆ ಮೋಹನ್ ಬಾಗಾನ್. ಹೆಚ್ಚುವರಿ ಸಮಯದಲ್ಲಿ 1–2ರಿಂದ ಸೋತಿತು. ಆದರೆ 0–4ಕ್ಕೂ ಇದಕ್ಕೂ ನಡುವೆ ಬರೀ ಒಂದು ವರ್ಷ, ಒಂದು ದಿನ.

ಕೋಚ್ ಅವರೇ, ಛೆಟ್ರಿ ಅವನೇ, ಮೈದಾನವೂ ಅದೇ. ಹತ್ತನೆಯ ಸ್ಥಾನಕ್ಕೆ ಇಳಿಸಿದ್ದು ಒಂದು ಬೇಸಿಗೆಯ ಕೊಡು-ಕೊಳ್ಳುವಿಕೆ, ಫೈನಲ್ಲಿಗೆ ಏರಿಸಿದ್ದು ಮುಂದಿನ ಬೇಸಿಗೆಯದು. ಗ್ರೇಸನ್ ಅವರನ್ನು ಕಳಿಸಿದ ಡಿಸೆಂಬರಿನಲ್ಲಿ ಕ್ಲಬ್ಬು ರೋಗಕ್ಕೆ ಮದ್ದು ಕೊಡಲಿಲ್ಲ, ಜ್ವರ ನೋಡುವ ಥರ್ಮಾಮೀಟರ್ ಬದಲಿಸಿತು. ಆದ್ದರಿಂದ ನೀವು ಯಾವ ತಂಡದ ಅಭಿಮಾನಿಯೇ ಆಗಿರಿ, ಮುಂದಿನ ವರ್ಷ ಅದು ಹೇಗೆ ಆಡೀತೆಂದು ತಿಳಿಯಬೇಕಿದ್ದರೆ ಮ್ಯಾಚು ಶುರುವಾಗುವವರೆಗೆ ಕಾಯಬೇಡಿ. ಜೂನ್, ಜುಲೈ ತಿಂಗಳ ಕ್ರೀಡಾಪುಟ ತೆಗೆಯಿರಿ. ಯಾರು ಬಂದರೆಂದು ಓದುವ ಮೊದಲು ಯಾರು ಹೋದರೆಂದು ನೋಡಿ.